ಶಂಕ್ರಪ್ಪ ಅರ್ಧಕ್ಕೆ ಬಿಟ್ಟ ಹಾಸು

ಕಾರಣವಿಲ್ಲದೆ ಈ ಜಗತ್ತಿನಲ್ಲಿ ಏನೂ ಸಂಭವಿಸುವುದಿಲ್ಲ. ಕಾರಣ ಕಾಣದಿದ್ದರೆ ಅದು ನೋಡುವವನ ದೋಷವೇ ಹೊರತು ಜಗತ್ತಿನದಲ್ಲ. ಈ ಮಹಾಸತ್ಯವನ್ನು ನಾನು ನಿವೃತ್ತಿಯಾಗುವ ತನಕ ಬೈಲಹೊಂಗಲ ಸುತ್ತಿನ ಮಕ್ಕಳ ತಲೆಗೆ ತುಂಬಿದೆ. ಆದರೆ ನಮ್ಮ ಶಾಲೆಯ ಊಟದ ಗಂಟೆ ಬುಧವಾರ ಮಾತ್ರ ಯಾಕೆ ತಡವಾಗಿ ಹೊಡೆಯುತ್ತದೆ ಎಂಬುದಕ್ಕೆ, ನಾನೇ ಮುಖ್ಯೋಪಾಧ್ಯಾಯನಾಗಿದ್ದರೂ, ಕೊನೆಯವರೆಗೆ ಕಾರಣ ಸಿಗಲಿಲ್ಲ.

ದೆವ್ವ, ಗಾಳಿ, ಪವಾಡಗಳ ವಿಷಯದಲ್ಲಿ ನನ್ನ ನಿಲುವು ಊರಿಗೆಲ್ಲ ಗೊತ್ತಿತ್ತು. ನಿಂಬೆಹಣ್ಣಿನಲ್ಲಿ ರಕ್ತ ಬರಿಸುವುದು, ಅಂಗೈ ಮೇಲೆ ಕರ್ಪೂರ ಉರಿಸುವುದು, ಇವನ್ನೆಲ್ಲ ಶಾಲೆ ಶಾಲೆಗೆ ಹೋಗಿ ಮಾಡಿ ತೋರಿಸಿ, ಗುಟ್ಟು ಬಿಚ್ಚಿ ಹೇಳಿ ಬರುತ್ತಿದ್ದೆ. ಮುರಗೋಡದ ಕಡೆಯ ಒಂದು ಹಳ್ಳಿಯಲ್ಲಿ ಹುಣಸೆಮರದ ಮೇಲೆ ವಾಸವಾಗಿದ್ದ ಒಂದು ದೆವ್ವವನ್ನು ನಾನೇ ಖುದ್ದಾಗಿ ತೆರವುಗೊಳಿಸಿದ್ದೇನೆ. ಅದು ಪಕ್ಕದ ಕೊಟ್ಟಿಗೆಯ ಸಡಿಲ ತಗಡು ಎಂದು ಸಾಬೀತಾಯಿತು. ಊರವರು ನನಗೆ ತೆಂಗಿನಕಾಯಿ ಕೊಟ್ಟು ಸತ್ಕರಿಸಿದರು. ನಾನು ಬಸ್ಸು ಹತ್ತಿದ ಮೇಲೆ ಅಂಥದೇ ಇನ್ನೊಂದು ಕಾಯನ್ನು ಮರಕ್ಕೂ ಒಡೆದರಂತೆ.

ಇಷ್ಟನ್ನು ಮೊದಲೇ ಹೇಳುವುದು ಯಾಕೆಂದರೆ, ಮುಂದೆ ಹೇಳುವ ಸಂಗತಿಯನ್ನು ನಂಬಿರಿ ಎಂದು ನಾನು ಒತ್ತಾಯಿಸುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಇಂಥ ಕಥೆಗಳಿಗೆ ಅಮಾವಾಸ್ಯೆಯ ರಾತ್ರಿ, ಊಳಿಡುವ ನಾಯಿ ಇವೆಲ್ಲ ಬೇಕೆಂದು ನನಗೂ ಗೊತ್ತು. ಕ್ಷಮಿಸಿ, ಇದು ನಡೆದದ್ದು ಒಂದು ಶನಿವಾರ, ಹಗಲು, ಚಹಾ ಕುಡಿದ ಮೇಲೆ.

ನಿವೃತ್ತಿಯಾದ ವರ್ಷ ಧಾರವಾಡದಿಂದ ಊರಿಗೆ ಬರುವಾಗ, ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ ನಾನಿದ್ದ ಬಸ್ಸು ಮಗುಚಿ ಬಿತ್ತು. ನನಗಾದದ್ದು ಹಣೆಯ ಮೇಲೆ ಒಂದು ಗಾಯ, ಅಷ್ಟೆ. ಹೊಲಿಗೆ ಹಾಕಿದರು, ಬಿಚ್ಚಿದರು. ಆದರೆ ಅಂದಿನಿಂದ ನನ್ನ ಬಲಗೈ ನಡುಗಲು ಹಿಡಿಯಿತು. ಫೋಟೋ ತೆಗೆದರು, ನರ ಪರೀಕ್ಷೆ ಮಾಡಿದರು, ಕೈಯಲ್ಲಿ ಏನೂ ದೋಷವಿಲ್ಲ ಎಂದು ಪ್ರಮಾಣಪತ್ರವನ್ನೇ ಕೊಟ್ಟರು. ಕೈ ಅದನ್ನು ಒಪ್ಪಲಿಲ್ಲ. ಚಹಾದ ಕಪ್ಪು-ಬಸಿ ಹಿಡಿದರೆ ಅರ್ಧ ಬಸಿಗೆ, ಅರ್ಧ ಅಂಗಿಗೆ. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಿಕೊಡಬೇಕು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರೆ ಕಾಲೂ ಕೈಯ ಪಕ್ಷ ಸೇರುತ್ತಿತ್ತು. ಒಂದು ಮುಂಜಾನೆ ಎದ್ದು ನೋಡಿದರೆ ನನ್ನ ತೋಳಿನಲ್ಲಿ ಒಂದು ತಾಯತ. ಅದು ಅಲ್ಲಿದೆ ಎಂದು ಹೆಂಡತಿಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಾಯತದಿಂದಲೂ ಗುಣ ಕಾಣದಿದ್ದಾಗ ಡಾಕ್ಟರರೊಬ್ಬರು ನನ್ನನ್ನು ಶೈಲಾ ಮೇಡಂ ಅವರ ಗುಂಪಿಗೆ ಕಳಿಸಿದರು. ಶೈಲಾ ಮೇಡಂ ಪ್ರತಿ ಶನಿವಾರ ಧಾರವಾಡದಿಂದ ಬರುತ್ತಿದ್ದ ಆಪ್ತ ಸಮಾಲೋಚಕಿ. ನನ್ನ ಮಗಳಿಗಿಂತ ಚಿಕ್ಕವರು, ಆದರೂ ನಾನು ಅವರನ್ನು ಮೇಡಂ ಎನ್ನಬೇಕು. ಅವರು ನನ್ನನ್ನು ಸರ್ ಎನ್ನುತ್ತಿದ್ದರು. ಹೀಗೆ ಲೆಕ್ಕ ಚುಕ್ತಾ. ಬೈಲಹೊಂಗಲದ ಪೇಟೆಯಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೊಂದು ಕೋಣೆ. ಕೆಳಗಿನಿಂದ ಯೂರಿಯಾದ ವಾಸನೆ, ಮೇಲೆ ಪ್ಲಾಸ್ಟಿಕ್ ಕುರ್ಚಿಗಳ ಒಂದು ವೃತ್ತ. ಅಪಘಾತ, ಹೊಳೆ, ಬೆಂಕಿ, ಆಸ್ಪತ್ರೆ, ಹೀಗೆ ಒಂದೊಂದು ಕಡೆಯಿಂದ ಬದುಕಿ ಬಂದು, ಬದುಕಿದ ಮೇಲೆ ಏನು ಮಾಡಬೇಕೆಂದು ತಿಳಿಯದವರೆಲ್ಲ ಅಲ್ಲಿ ಕೂಡುತ್ತಿದ್ದೆವು.

ಗುಂಪಿನ ನಿಯಮಗಳು ಸರಳವಾಗಿದ್ದವು. ಒಂದು ರಬ್ಬರ್ ಚೆಂಡು ಇರುತ್ತಿತ್ತು. ಚೆಂಡು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು. ಅವರು ಎಷ್ಟು ಹೊತ್ತು ಸುಮ್ಮನಿದ್ದರೂ ಉಳಿದವರು ನಡುವೆ ಬಾಯಿ ಹಾಕಬಾರದು. ಯಾರೂ ಯಾರಿಗೂ ಬುದ್ಧಿ ಹೇಳಬಾರದು. ಈ ಕೊನೆಯ ನಿಯಮ ನನ್ನ ವೃತ್ತಿಯ ಮೇಲೆಯೇ ಹೊರಿಸಿದ ನಿಷೇಧಾಜ್ಞೆಯಂತಿತ್ತು. ಚೆಂಡು ನನ್ನ ಕೈಗೆ ಬಂದಾಗಲೆಲ್ಲ ನಾನು ತಿರುವಿನಲ್ಲಿ ವಾಹನಗಳು ಮಗುಚುವ ವೈಜ್ಞಾನಿಕ ಕಾರಣಗಳನ್ನು ವಿವರಿಸುತ್ತಿದ್ದೆ. ಕಿತ್ತೂರಿನ ಲಾರಿ ಡ್ರೈವರ್ ಬಸಪ್ಪಣ್ಣ, ಅವನೂ ಹೆದ್ದಾರಿಯಲ್ಲಿ ಲಾರಿ ನುಜ್ಜುಗುಜ್ಜಾಗಿ ಬದುಕಿ ಬಂದವನು, ಒಂದು ದಿನ ನಿಯಮ ಮುರಿದೇ ಬಿಟ್ಟ.

"ಸರ್, ನೀವು ಬಾಯಿ ತೆಗದ್ರಿ ಅಂದ್ರ ನನಗ ಪರೀಕ್ಷಾ ಹತ್ರ ಬಂದಂಗ ಆಗತೈತಿ. ಅದಕ್ಕ ಅಂಜಿ ನಾ ಏಳನೇತ್ತಕ್ಕ ಸಾಲಿ ಬಿಟ್ಟಿದ್ದು."

ಎಲ್ಲರೂ ನಕ್ಕರು. ಶೈಲಾ ಮೇಡಂ ಕೂಡ ನಕ್ಕು, ಮೆಲ್ಲಗೆ ಹೇಳಿದರು: "ಬಸ್ಸಿಂದು ಗೊತ್ತಾತ್ರಿ ಸರ್. ನಿಮ್ದು ಹೇಳ್ರಿ." ನಾನು ಚೆಂಡನ್ನು ಪಕ್ಕದವರಿಗೆ ದಾಟಿಸಿದೆ. ನನ್ನದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ.

ಆ ಶನಿವಾರಗಳನ್ನು ಈಗ ನೆನೆದರೆ, ನಾನು ಅಲ್ಲಿಗೆ ಹೋಗುತ್ತಿದ್ದದ್ದು ಗುಣವಾಗಲಿಕ್ಕೋ ಗಿರಮಿಟ್ಟು ತಿನ್ನಲಿಕ್ಕೋ ಎಂದು ಸಂಶಯ ಬರುತ್ತದೆ. ಮಾತು ಮುಗಿದ ಮೇಲೆ ಕೆಳಗಿನ ಗಾಡಿಯಿಂದ ಮಂಡಕ್ಕಿ ಗಿರಮಿಟ್ಟು, ಮೆಣಸಿನಕಾಯಿ ಬಜ್ಜಿ ಬರುತ್ತಿದ್ದವು. ಸವದತ್ತಿಯಿಂದ ಬರುತ್ತಿದ್ದ ಸುಜಾತಾ ನನ್ನ ಚಹಾದ ಬಸಿಯನ್ನು ಹಿಡಿದು ಕೂರುತ್ತಿದ್ದಳು. ಅವಳು ಆಸ್ಪತ್ರೆಯ ನರ್ಸು. ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡಿದ ಮೇಲೆ ಫೋನು ರಿಂಗಾದರೆ ಸಾಕು, ಉಸಿರು ಕಟ್ಟುತ್ತಿತ್ತು. ಮನೆಯಲ್ಲಿ ಬುದ್ಧನ ಚಿತ್ರದ ಮುಂದೆ ದೀಪ ಹಚ್ಚುವವಳು, ಉಳಿದಂತೆ ನನಗಿಂತ ದೊಡ್ಡ ವಿಚಾರವಾದಿ. "ಸರ್, ನೀವು ದೆವ್ವ ಇಲ್ಲ ಅಂತ ಭಾಳ ಜೋರ ಮಾಡಿ ಹೇಳತೀರಿ. ಇಲ್ಲದ್ದಕ್ಕ ಅಷ್ಟ ಜೋರ ಯಾಕ ಬೇಕು?" ಎಂದು ನನ್ನನ್ನು ಕೆಣಕುತ್ತಿದ್ದಳು. ಮೂವತ್ತು ವರ್ಷ ನೌಕರಿ ಮಾಡಿದ ಶಾಲೆ ನನ್ನ ಕನಸಿನಲ್ಲಿ ಬರುವುದಿಲ್ಲ. ಆ ಯೂರಿಯಾ ವಾಸನೆಯ ಕೋಣೆ ಬರುತ್ತದೆ.

ಗಂಗವ್ವ ಬರುತ್ತಿದ್ದದ್ದು ರಾಮದುರ್ಗದ ಕಡೆಯ, ಮಲಪ್ರಭೆಯ ದಂಡೆಯ ಒಂದು ಹಳ್ಳಿಯಿಂದ, ಎರಡು ಬಸ್ಸು ಬದಲಿಸಿ. ನೇಕಾರರ ಮನೆಯವಳು. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಅಗಲ ಕುಂಕುಮ. ಬಹಳ ವಾರ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಕೂತು, ಹಾಗೇ ಮುಂದೆ ಕೊಡುತ್ತಿದ್ದಳು. ಒಂದು ಶನಿವಾರ ತಾನಾಗಿ ಹೇಳಿದಳು.

"ಹೊಳಿ ಏರಾಕತ್ತಿತ್ತು. ಇವರು ಹಾಸ ಕೆಚ್ಚಾಕತ್ತಿದ್ರು, ಅರ್ಧ ಆಗಿತ್ತು. ದಂಡಿಗೆ ಯಾರದೋ ಎಮ್ಮಿ ಸಿಕ್ಕೊಂಡಾವು ಅಂತ ಓಣ್ಯಾಗ ಕೂಗಿದ್ರು. ಎದ್ದು ಹೋದ್ರು. ಬಾಗಲದಾಗ ನಿಂತು, 'ಬಂದು ಮುಗಸ್ತೇನಿ, ಯಾರೂ ಕೈ ಹಚ್ಚಬ್ಯಾಡ್ರಿ' ಅಂದ್ರು. ಎಮ್ಮಿ ಬಂದುವು."

ಗಂಡ ಶಂಕ್ರಪ್ಪ ಬರಲಿಲ್ಲ. ಹೊಳೆ ಇಳಿದ ಮೇಲೂ ಎಲ್ಲಿಯೂ ಸಿಗಲಿಲ್ಲ. ಅದಾಗಿ ಎರಡು ವರ್ಷವಾಗಿತ್ತು.

ಕೆಚ್ಚುವುದೆಂದರೇನು ಎಂಬುದನ್ನು ಅವಳೇ ನಮಗೆ ವಿವರಿಸಿದಳು. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ನೂಲಿಗೆ ಹಾಸು ಎನ್ನುತ್ತಾರೆ. ಒಂದು ಹಾಸು ನೇಯ್ದು ಮುಗಿದಾಗ ಅದರ ತುದಿಗಳನ್ನು ಮಗ್ಗದಿಂದ ಕಿತ್ತು ತೆಗೆಯುವುದಿಲ್ಲ. ಹಾಗೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನು ಹಳೆಯ ಒಂದೊಂದು ತುದಿಗೆ ಬೆರಳಿನಿಂದ ಹೊಸೆದು ಕೂಡಿಸುತ್ತಾರೆ. ಸಾವಿರಗಟ್ಟಲೆ ಎಳೆ. ಕೈ ಪಳಗಿದವರಿಗೂ ಅರ್ಧ ಹಾಸು ಕೂಡಿಸಲಿಕ್ಕೆ ಒಂದಿಡೀ ಹಗಲು ಬೇಕು. ಒಬ್ಬರು ಹಿಡಿದ ಕೆಚ್ಚನ್ನು ಅವರೇ ಮುಗಿಸಬೇಕು, ಇನ್ನೊಬ್ಬರು ಕೈ ಹಾಕಬಾರದು ಎನ್ನುವುದು ಅವರ ಮನೆತನದ ಕಟ್ಟಳೆ. ಒಬ್ಬೊಬ್ಬರ ಹುರಿಯ ಬಿಗಿ ಒಂದೊಂದು ಥರ. ಬೆರೆತರೆ ಬಟ್ಟೆಯಲ್ಲಿ ಗೆರೆ ಕಾಣುತ್ತದಂತೆ. "ಅದರಾಗ ಇವರು ಎಡಚರು," ಎಂದು ಗಂಗವ್ವ ಮೊದಲ ಸಲ ಸ್ವಲ್ಪ ನಕ್ಕಳು. "ಇವರ ಹುರಿ ಊರ ಮಂದಿ ಹುರಿಗೆಲ್ಲಾ ಉಲ್ಟಾ. ನಮ್ಮತ್ತಿ ಬೈಯಾಕಿ, ಈ ಹುಡುಗ ಹಗ್ಗಾನೂ ಜಗಳಾ ಮಾಡಿ ಹೊಸಿತಾನ ಅಂತ."

ಹಾಗಾಗಿ ಆ ಹಾಸು ಎರಡು ವರ್ಷ ಅರ್ಧ ಕೂಡಿ, ಅರ್ಧ ಜೋತುಕೊಂಡು ಹಾಗೇ ನಿಂತಿತ್ತು. ಅವಳು ಅದನ್ನು ಮುಗಿಸುವಂತಿಲ್ಲ. ಕತ್ತರಿಸಿದರೆ, ಬರುತ್ತೇನೆ ಎಂದು ಹೋದವನು ಬರುವುದಿಲ್ಲ ಎಂದು ತಾನೇ ತೀರ್ಮಾನ ಕೊಟ್ಟಂತೆ.

ಇಲ್ಲಿ ಶೈಲಾ ಮೇಡಂ ಒಂದು ತಪ್ಪು ಮಾಡಿದರು. ಓದಿದವರು, ಒಳ್ಳೆಯ ಮನಸ್ಸಿನವರು, ಆದರೆ ಮಗ್ಗ ಕಂಡವರಲ್ಲ. "ಗಂಗಕ್ಕಾ, ನಾವೆಲ್ಲಾ ಬಂದು ಒಬ್ಬೊಬ್ಬರು ಒಂದೊಂದು ಎಳಿ ಕೂಡಸೋಣೇನು?" ಎಂದರು. ಗಂಗವ್ವ ಚೆಂಡನ್ನು ಕುರ್ಚಿಯ ಮೇಲಿಟ್ಟು, ಸೆರಗು ಹೊದ್ದು ಎದ್ದು ಹೋದಳು. ಹಲವು ವಾರ ಬರಲಿಲ್ಲ. ಮೇಡಂ ಆ ವಾರಗಳಲ್ಲಿ ಗಿರಮಿಟ್ಟನ್ನು ಮುಟ್ಟಲಿಲ್ಲ.

ಮತ್ತೆ ಬಂದಾಗ ಗಂಗವ್ವನ ಬಳಿ ಸುದ್ದಿ ಇತ್ತು. ಮೈದುನ ಈರಪ್ಪ ಮಗ್ಗದ ಕುಣಿಯನ್ನು, ಅಂದರೆ ಮಗ್ಗದ ಕೆಳಗಿನ ಗುಂಡಿಯನ್ನು, ಮುಚ್ಚಿಸಿ ಅಲ್ಲಿ ಹಿಟ್ಟಿನ ಗಿರಣಿ ಹಾಕುವವನಿದ್ದ. ಕೆಟ್ಟವನಲ್ಲ, ಅತ್ತಿಗೆಗೆ ನಾಲ್ಕು ಕಾಸು ಬರಲಿ ಎಂದೇ ಮಾಡುತ್ತಿದ್ದದ್ದು.

"ಈ ಸೋಮವಾರ ಬಿಟ್ಟು ಬರೂ ಸೋಮವಾರ ಗೌಂಡಿ ಬರತಾನ," ಎಂದಳು. "ಅವ ಕುಣಿ ಮುಚ್ಚೂದ್ರಾಗ ಹಾಸ ನಾನ ಕತ್ತರಸಬೇಕು. ಬ್ಯಾರೆದವರು ಕಡಿಯೂದು ಬ್ಯಾಡ. ಒಬ್ಬಾಕೀನ ಇದ್ರ ನನಗ ಕೈ ಬರೂದಿಲ್ಲ. ಮುಂದಿನ ಶನಿವಾರ ನಮ್ಮ ಮನ್ಯಾಗ ಕೂಡೂಣು, ಎಲ್ಲಾರೂ ಬರ್ರಿ."

ಹೋಗುವುದು ಎಂದು ನಿಶ್ಚಯವಾಯಿತು. ಹೇಗೆ ಎಂಬ ಪ್ರಶ್ನೆ ಆಮೇಲೆ ಎದ್ದಿತು. ಮುಖ್ಯೋಪಾಧ್ಯಾಯರು ಬಸ್ಸು ಹತ್ತುವುದಿಲ್ಲ. ಡ್ರೈವರು ಸ್ಟೇರಿಂಗ್ ಹಿಡಿಯುವುದಿಲ್ಲ. ಕೊನೆಗೆ ಒಂದು ಟಂಟಂ ಆಟೋ ಮಾಡಿಕೊಂಡು ನಾಲ್ವರು ಹೊರಟೆವು. ಟಂಟಮ್ಮಿನಲ್ಲಿ ಅಷ್ಟು ದೂರ ಹೋಗುವವರು ಜಾತ್ರೆಗೆ ಹೊರಟವರು ಅಥವಾ ತಲೆ ಕೆಟ್ಟವರು. ನಮ್ಮನ್ನು ಯಾವ ಸಾಲಿಗೆ ಸೇರಿಸಬೇಕೆಂದು ಚಾಲಕನಿಗೆ ಕೊನೆಯ ತನಕ ತಿಳಿಯಲಿಲ್ಲ. ಬಸಪ್ಪಣ್ಣ ಅವನ ಪಕ್ಕ ಕುಳಿತು, ಮುರಗೋಡ ದಾಟಿ ಯರಗಟ್ಟಿ ಬರುವ ತನಕ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಲೇ ಇದ್ದ. "ಬಸಪ್ಪಣ್ಣಾ, ತಗಡ ತೂತ ಬಿದ್ದೀತು," ಎಂದಳು ಸುಜಾತಾ. ದಾರಿಯುದ್ದಕ್ಕೂ ಜೋಳದ ಹೊಲ. ನಾನು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಕುಳಿತಿದ್ದೆ.

ಗಂಗವ್ವನ ಓಣಿಗೆ ಕಾಲಿಟ್ಟಾಗ ಯಾವುದೋ ಮನೆಯಲ್ಲಿ ಮಗ್ಗ ಬಡಿಯುತ್ತಿತ್ತು. ನನ್ನ ಅಜ್ಜಿಯ ಮನೆ ರಾಮದುರ್ಗದಲ್ಲಿ ಇಂಥದೇ ಓಣಿಯಲ್ಲಿತ್ತು. ಬೇಸಿಗೆಯ ರಜೆಯಲ್ಲಿ ಮಧ್ಯಾಹ್ನ ಅಜ್ಜಿಯ ಪಕ್ಕ ಮಲಗಿ ಆ ಸಪ್ಪಳ ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಆದರೆ ಮಗ್ಗದ ಹತ್ತಿರ ಹುಡುಗರನ್ನು ಬಿಡುತ್ತಿರಲಿಲ್ಲ. ಹೋದರೆ ಏಟು ಬೀಳುತ್ತಿತ್ತು. ನೂಲು ಮುಟ್ಟಿದ ನೆನಪು ನನಗಿಲ್ಲ. ಇದನ್ನು ಓದುಗರು ಗಮನದಲ್ಲಿಡಬೇಕು. ನಾನಂತೂ ಬಹಳ ಸಲ ಕೆದಕಿ ನೋಡಿದ್ದೇನೆ.

ಗಂಗವ್ವನದು ಕುಣಿಮಗ್ಗ. ನೆಲದಲ್ಲಿ ಗುಂಡಿ, ಅದರ ಮೇಲೆ ಮಗ್ಗ. ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ನೇಯುವುದು. ನಡುವೆ ಎಳೆಗಳನ್ನು ಎತ್ತಿಳಿಸುವ ಅಣಿಗಳು ನೂಲಿನ ಪರದೆಯಂತೆ ತೂಗುತ್ತಿದ್ದವು. ಅವುಗಳ ಹಿಂದೆ ಆ ಅರ್ಧ ಕೂಡಿದ ಹಾಸು. ಗೂಡಿನಲ್ಲಿ ಒಂದು ಕತ್ತರಿ ಇಟ್ಟಿದ್ದಳು. ನಾವೆಲ್ಲ ಬಂದ ಕೂಡಲೇ ಒಮ್ಮೆ ಕತ್ತರಿಯನ್ನು ನೋಡಿದೆವು, ಆಮೇಲೆ ಯಾರೂ ನೋಡಲಿಲ್ಲ.

ಮಗ್ಗದ ಈಚೆ ಚಾಪೆ ಹಾಸಿದಳು. ನನ್ನ ಮೊಣಕಾಲು ಮಡಚಲು ಬರುವುದಿಲ್ಲ, ಮನೆಯಲ್ಲಿ ಕುರ್ಚಿ ಇರಲಿಲ್ಲ. ಆಚೆ ಕುಣಿಯ ಅಂಚಿಗೆ ಒಂದು ಹಲಗೆ ಇತ್ತು, ಕಾಲು ಇಳಿಬಿಟ್ಟು ಕೂರಬಹುದಾದಂಥದ್ದು. ಅದನ್ನು ತೋರಿಸಿ ಕೇಳಿದೆ. ಗಂಗವ್ವ ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು, "ಕುಂದರ್ರಿ ಸರ್, ಯಾರ ಬ್ಯಾಡಂತಾರ," ಎಂದಳು. ಅದು ಕೆಚ್ಚುವವರು ಕೂರುವ ಹಲಗೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಅಲ್ಲಿ ಕೂತಾಗ ಅಣಿಗಳ ಮೇಲಿಂದ ನನ್ನ ತಲೆ ಮತ್ತು ಭುಜ ಮಾತ್ರ ಉಳಿದವರಿಗೆ ಕಾಣುತ್ತಿದ್ದವು.

ಚಹಾ ಆಯಿತು. ಶೈಲಾ ಮೇಡಂ ಚೀಲ ತಡಕಾಡಿ, ಚೆಂಡನ್ನು ಬೈಲಹೊಂಗಲದಲ್ಲೇ ಮರೆತು ಬಂದಿದ್ದೇನೆ ಎಂದರು. ಗಂಗವ್ವ ಗೂಡಿನತ್ತ ಕೈಚಾಚಿದಳು.

"ಕತ್ತರಿ ಬ್ಯಾಡ್ರಿ ಅಕ್ಕಾರ," ಎಂದ ಬಸಪ್ಪಣ್ಣ. "ಅದನ್ನ ಹಿಡದು ಮಾತಾಡಿದ್ರ ನಾ ಎಲ್ಲಾ ಒಪ್ಪಿಕೊಂಡು ಬಿಡತೇನಿ."

ಅವಳು ತೆಗೆದದ್ದು ಲಾಳಿ. ಶಂಕ್ರಪ್ಪನ ಕೈಯಲ್ಲಿ ಆಡಿ ಆಡಿ ನುಣುಪಾದ ಮರದ ಲಾಳಿ. ಮಾತು ಶುರುವಾಗಬೇಕಾದದ್ದು ಅವಳಿಂದ. ಅವಳು, "ಮೊದಲ ಸರ್ ಹೇಳಲಿ. ಆಮ್ಯಾಲೆ ನಾ ಎದ್ದು ಕತ್ತರಸತೇನಿ," ಎಂದು ಅಣಿಗಳ ಮೇಲಿಂದ ಅದನ್ನು ನನಗೆ ದಾಟಿಸಿದಳು. ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡೆ. ತಿರುವುಗಳ ವಿಜ್ಞಾನ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ.

ಬಸ್ಸು ಮಗುಚಿದಾಗ ನನ್ನ ಪಕ್ಕದಲ್ಲಿದ್ದ ಮನುಷ್ಯ ಸೀಟಿನ ಕೆಳಗೆ ಸಿಕ್ಕಿದ್ದ. ಕತ್ತಲು. ಅವನು ನನ್ನ ಬಲಗೈ ಹಿಡಿದುಕೊಂಡಿದ್ದ. "ಊರ ಬಂತೇನ್ರಿ?" ಎಂದು ಕೇಳಿದ. "ಇನ್ನೇನು ಬಂತು," ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ, "ಊರ ಬಂತೇನ್ರಿ?" ನಾನು ಮತ್ತೆ, "ಇನ್ನೇನು ಬಂತು." ಹೀಗೆ ಎಷ್ಟು ಸಲ ಎಂದು ಗೊತ್ತಿಲ್ಲ. ಆಮೇಲೆ ಅವನು ಕೇಳುವುದನ್ನು ನಿಲ್ಲಿಸಿದ. ಕೈ ತಣ್ಣಗಾಯಿತು, ಹಿಡಿತ ಸಡಿಲಾಗಲಿಲ್ಲ. ಜನ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅವನ ಊರು ಯಾವುದೆಂದು ನಾನು ಕೇಳಿರಲಿಲ್ಲ.

ಇಷ್ಟನ್ನು ಹೇಳಿದೆ. ನನ್ನ ಲೆಕ್ಕದಲ್ಲಿ ಹತ್ತು ನಿಮಿಷದ ಮಾತು. ಶುರು ಮಾಡುವಾಗ ಮಾಡಿನ ಬೆಳಕಿಂಡಿಯಿಂದ ಬಿದ್ದ ಬಿಸಿಲು ಬಸಪ್ಪಣ್ಣನ ಪಾದದ ಮೇಲಿತ್ತು. ಮುಗಿಸಿ ತಲೆಯೆತ್ತಿದಾಗ ಬಿಸಿಲೇ ಇರಲಿಲ್ಲ. ಹೊರಗೆ ದನ ಮನೆಗೆ ಬರುತ್ತಿದ್ದವು. ಒಂದೊಂದು ಮಾತಿನ ನಡುವೆ ನಾನು ಬಹಳ ಬಹಳ ಹೊತ್ತು ಸುಮ್ಮನಿರುತ್ತಿದ್ದೆನಂತೆ, ತಲೆ ತಗ್ಗಿಸಿಕೊಂಡು. ಮೇಡಂ ಕೈಸನ್ನೆ ಮಾಡಿ ಯಾರೂ ಅಲುಗಾಡದಂತೆ ನೋಡಿಕೊಂಡಿದ್ದರು. ಗುಂಪಿನ ನಿಯಮ ಅದೇ ಅಲ್ಲವೆ. ನನಗೆ ಆ ಮೌನಗಳ ನೆನಪೇ ಇಲ್ಲ.

ಸುಜಾತಾ ಮೂಗು ಒರೆಸಿಕೊಂಡಳು. ಬಸಪ್ಪಣ್ಣ ಒಂದೂ ಚೇಷ್ಟೆ ಮಾಡಲಿಲ್ಲ. ಅವನ ಮಟ್ಟಿಗೆ ಅದೊಂದು ದಾಖಲೆ. ಗಂಗವ್ವ ಎದ್ದು ಗೂಡಿನಿಂದ ಕತ್ತರಿ ತೆಗೆದುಕೊಂಡು, ಮಗ್ಗವನ್ನು ಸುತ್ತಿ ನನ್ನ ಕಡೆ ಬಂದಳು. ಬಂದವಳು ನಿಂತುಬಿಟ್ಟಳು.

"ಸರ್, ಏನ್ ಮಾಡೀರಿ?"

ನಾನು ಕೆಳಗೆ ನೋಡಿದೆ. ಜೋತಿದ್ದ ಎಳೆಗಳು ಜೋತಿರಲಿಲ್ಲ. ಹಾಸು ಈ ಅಂಚಿನಿಂದ ಆ ಅಂಚಿನ ತನಕ ಕೂಡಿತ್ತು. ಕೊನೆಯ ಎಳೆ ನನ್ನ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇತ್ತು. ಬಲಗೈ ಎರಡು ತುದಿಗಳನ್ನು ಹಿಡಿದುಕೊಂಡಿತ್ತು, ನಡುಗದೆ.

ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ ಮೈದುನ ಈರಪ್ಪ ಇಣುಕಿ ನೋಡಿ ಸಿಟ್ಟಾದ. "ಏ ಮಾಸ್ತರ, ಯಾರ್ ಹೇಳಿದ್ರು ನಿಮಗ ಕೈ ಹಚ್ಚಾಕ? ನಮ್ಮ ಅಣ್ಣನ ಕೆಚ್ಚ ಐತಿ ಅದು! ಎರಡ ವರ್ಷ ನಾನ ಮುಟ್ಟಿಲ್ಲ!"

ಏಳಲು ನೋಡಿದೆ, ಕಾಲು ಹಿಡಿದುಕೊಂಡಿತ್ತು. ಗಂಗವ್ವ ಕತ್ತರಿಯನ್ನು ನೆಲದ ಮೇಲಿಟ್ಟು, ಬಾಗಿ, ಕೂಡಿದ ಎಳೆಗಳ ಮೇಲೆ ಬೆರಳಾಡಿಸತೊಡಗಿದಳು, ಆ ಅಂಚಿನಿಂದ ಈ ಅಂಚಿಗೆ, ಮತ್ತೆ ಅಲ್ಲಿಂದ. ಶಂಕ್ರಪ್ಪ ಬಿಟ್ಟು ಎದ್ದ ಎಳೆ ಯಾವುದೆಂದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಎರಡು ವರ್ಷ ದಿನಾ ನೋಡಿದ್ದಳು.

"ಎಲ್ಲಿ ಬಿಟ್ಟಿದ್ರು ಅನ್ನೂದು ಸಿಗವಲ್ದು," ಎಂದಳು. "ಈರಪ್ಪಾ, ನೀ ನೋಡು."

ಈರಪ್ಪ ಬಂದು ಮೂಗು ತಾಗುವಷ್ಟು ಬಾಗಿ ನೋಡಿದ. ಅವನೂ ನೇಕಾರರ ಮನೆಯಲ್ಲಿ ಹುಟ್ಟಿದವನೇ. ಒಂದು ಎಳೆಯನ್ನು ಉಗುರಿನಿಂದ ಮೆಲ್ಲಗೆ ತಿರುವಿ ನೋಡಿದ, ಇನ್ನೊಂದನ್ನು ನೋಡಿದ. ಸಿಟ್ಟು ಇಳಿದಿತ್ತು.

"ಎಡಗೈ ಹುರಿ ಐತಿ ವೈನಿ. ಎಲ್ಲಾನೂ."

ಅವಳು ಅಳುತ್ತಾಳೆ ಎಂದುಕೊಂಡೆ. ಮೇಡಂ ಆಗಲೇ ಅರ್ಧ ಎದ್ದಿದ್ದರು. ಗಂಗವ್ವ ಅಳಲಿಲ್ಲ. ಸೊಂಟಕ್ಕೆ ಕೈಯಿಟ್ಟು ಹಾಸನ್ನೇ ನೋಡುತ್ತ, ಮನೆಗೆ ತಡವಾಗಿ ಬಂದವರನ್ನು ಬೈಯುವ ದನಿಯಲ್ಲಿ ಬೈದಳು.

"ಬಂದು ಮುಗಸ್ತೇನಿ ಅಂದ ಮನಷ್ಯಾಗ ಎರಡ ವರ್ಷ ಬೇಕಾದುವೇನು? ಇಷ್ಟೊತ್ತ ಮಾಡ್ತಾರ?"

ಆಮೇಲೆ ನನ್ನ ಕಡೆ ತಿರುಗಿ, ಬಹಳ ಸಾಧಾರಣ ದನಿಯಲ್ಲಿ, "ಏಳ್ರಿ ಸರ್. ಇನ್ನ ನಾ ಕುಂದರತೇನಿ," ಎಂದಳು.

ಬಸಪ್ಪಣ್ಣ ನನ್ನನ್ನು ರಟ್ಟೆ ಹಿಡಿದು ಎಬ್ಬಿಸಿದ. ಅವಳು ಈಚೆ ನೇಯುವ ಕಡೆ ಬಂದು, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳು. ಅಂದು ನೇಯಲಿಲ್ಲ. ನಾವು ಹೊರಟಾಗಲೂ ಕೂತೇ ಇದ್ದಳು.

ಹೋಗುವಾಗ ಇಲ್ಲದ ಬ್ರೇಕನ್ನು ಒತ್ತಿದ ಬಸಪ್ಪಣ್ಣ ಬರುವಾಗ ಒತ್ತಲಿಲ್ಲ. ಯರಗಟ್ಟಿ ದಾಟಿದ ಮೇಲೆ ಸುಜಾತಾ ಒಂದೊಂದೇ ಬೆರಳು ಮಡಚಿ ವಿವರಿಸಿದಳು. ಸರ್ ಅವರ ಬಲಗೈ ಕೆಲಸಕ್ಕೆ ಬಾರದು, ಹಾಗಾಗಿ ಎಡಗೈ ಹೊಸೆದಿದೆ. ಎಡಗೈ ಹೊಸೆದರೆ ಹುರಿ ಉಲ್ಟಾ ಆಗಲೇಬೇಕು. ಮನಸ್ಸು ಮಾತಿನಲ್ಲಿ ಮುಳುಗಿದ್ದಾಗ ನಡುಕ ನಿಂತಿದೆ. ಇದನ್ನು ಅವಳು ಆಸ್ಪತ್ರೆಯಲ್ಲಿ ನೋಡಿದ್ದಾಳೆ. ಚಿಕ್ಕವರಿದ್ದಾಗ ಅಜ್ಜಿಯ ಓಣಿಯಲ್ಲಿ ನೋಡಿದ್ದು ಬೆರಳಿಗೆ ನೆನಪಿದ್ದಿರಬಹುದು. ಎಲ್ಲವೂ ಸರಿಯಾಗಿತ್ತು. ನಾನು ಇನ್ನೂ ಮಾಸ್ತರನಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

"ಹಂಗಾದ್ರ ಇಷ್ಟ ಲಗೂನ?" ಎಂದ ಬಸಪ್ಪಣ್ಣ. "ಒಂದಿಡೀ ಹಗಲಿನ ಕೆಲಸಾ ಅಂತ ಅಕ್ಕಾರ ಹೇಳಿದ್ರಲಾ?"

"ನಡಿ ನಡಿ, ಮುಂದ ನೋಡಿ ಕುಂದರು," ಎಂದಳು ಸುಜಾತಾ.

ಮರುದಿನ ಹೆಂಡತಿ ಬಟ್ಟೆ ಒಗೆಯಲು ಹಾಕುವಾಗ ನನ್ನ ಪ್ಯಾಂಟನ್ನು ಎತ್ತಿ ಹಿಡಿದು, "ಎಡಮೊಣಕಾಲಿಗೆ ಇಷ್ಟ ಬೂದಿ ಬಡಕೊಂಡ ಬಂದೀರಿ, ಯಾವ ಮಠಕ್ಕ ಹೋಗಿದ್ರಿ?" ಎಂದು ಕೇಳಿದಳು. ನಾನು ನೋಡುವಷ್ಟರಲ್ಲಿ ಬಕೆಟ್ಟಿಗೆ ಹಾಕಿದಳು, ಸಾಕ್ಷ್ಯ ನಾಶವಾಯಿತು. ಮುಂದಿನ ಶನಿವಾರ ಗಂಗವ್ವನನ್ನು ಕೇಳಿದೆ. ಕೆಚ್ಚುವಾಗ ಬೆರಳು ಜಾರದಂತೆ ನೇಕಾರರು ಬೂದಿ ಹಚ್ಚಿಕೊಳ್ಳುತ್ತಾರಂತೆ. ಎಲ್ಲರೂ ಪಕ್ಕದಲ್ಲಿ ಒಂದು ಬಟ್ಟಲು ಇಟ್ಟುಕೊಂಡರೆ, ಶಂಕ್ರಪ್ಪ ಮಾತ್ರ ಎಡಮೊಣಕಾಲಿನ ಮೇಲೆ ಬಳಿದುಕೊಂಡು ಕೂರುತ್ತಿದ್ದನಂತೆ. ಇದನ್ನು ಅವಳು ನಮಗೆ ಮೊದಲು ಹೇಳಿರಲಿಲ್ಲ. ಅದು ಬಸಪ್ಪಣ್ಣನ ಬೀಡಿಯ ಬೂದಿ ಎಂದು ಸುಜಾತಾ ವಾದಿಸಿದಳು. ತಾನು ಬೀಡಿ ಸೇದಿದ್ದು ಓಣಿಯ ತುದಿಗೆ ಹೋಗಿ ಎಂದು ಬಸಪ್ಪಣ್ಣ ಆಣೆ ಮಾಡಿದ. ಇಬ್ಬರೂ ಇದರ ಬಗ್ಗೆ ಒಂದು ವಾರ ಮಾತು ಬಿಟ್ಟಿದ್ದರು.

ನಾನು ವಿಜ್ಞಾನದ ವಿಧಾನವನ್ನೇ ಅನುಸರಿಸಿದೆ. ಪೇಟೆಯಿಂದ ನೂಲು ತಂದು, ಬಾಗಿಲು ಹಾಕಿಕೊಂಡು, ಎರಡು ಎಳೆಗಳನ್ನು ಕೂಡಿಸಲು ಕುಳಿತೆ. ಎಡಗೈಯಿಂದ, ಬಲಗೈಯಿಂದ, ಬೂದಿ ಹಚ್ಚಿ, ಹಚ್ಚದೆ, ಬಸ್ಸಿನ ಕಥೆಯನ್ನು ಗೋಡೆಗೆ ಹೇಳುತ್ತ, ಹೇಳದೆ. ಒಂದು ಎಳೆಯೂ ಕೂಡಲಿಲ್ಲ. ಹೆಂಡತಿ ಕಿಟಕಿಯಿಂದ ನೋಡಿ, ಆ ವಾರ ಇನ್ನೊಂದು ತಾಯತ ತಂದಳು.

ಈಗ ಆ ಗುಂಪು ಇಲ್ಲ. ಶೈಲಾ ಮೇಡಂ ಹುಬ್ಬಳ್ಳಿಗೆ ಹೋದರು. ಸುಜಾತಾಳಿಗೆ ವರ್ಗವಾಯಿತು, ಹಬ್ಬಕ್ಕೆ ಫೋನು ಮಾಡುತ್ತಾಳೆ, ತಾನಾಗಿಯೇ. ಬಸಪ್ಪಣ್ಣ ಕಿತ್ತೂರಿನ ಹೆದ್ದಾರಿಯಲ್ಲಿ ಚಹಾದ ಅಂಗಡಿ ಇಟ್ಟು, ಲಾರಿ ಡ್ರೈವರುಗಳಿಗೆ ಸಾವಕಾಶ ಹೋಗಿರಿ ಎಂದು ಬುದ್ಧಿ ಹೇಳುತ್ತಾನೆ. ಅಲ್ಲಿ ಅದಕ್ಕೆ ನಿಷೇಧವಿಲ್ಲ. ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಮೊಬೈಲ್ ರಿಪೇರಿ ಬಂದಿದೆ. ಪೇಟೆಗೆ ಹೋದಾಗ ಕೆಳಗೆ ನಿಂತು ಒಮ್ಮೆ ಮೇಲೆ ನೋಡುತ್ತೇನೆ. ನೋಡಲಿಕ್ಕೆ ಏನೂ ಇಲ್ಲ.

ಶಾಲೆಗಳಿಂದ ಈಗಲೂ ಒಮ್ಮೊಮ್ಮೆ ಕರೆ ಬರುತ್ತದೆ. ಹೋಗಿ, ನಿಂಬೆಹಣ್ಣು ಕತ್ತರಿಸಿ, ಎಲ್ಲಕ್ಕೂ ಕಾರಣವಿದೆ ಎಂದು ಹೇಳಿ ಬರುತ್ತೇನೆ. ಹೇಳುವಾಗ ದನಿ ಮೊದಲಿನಷ್ಟು ಜೋರಿಲ್ಲ ಎಂದು ನನಗೇ ತಿಳಿಯುತ್ತದೆ. ಬೂದಿ ಎಲ್ಲಿಂದ ಬಂತು, ಬಿಸಿಲು ಎಲ್ಲಿ ಹೋಯಿತು, ನನ್ನ ಬೆರಳಿಗೆ ಆ ವಿದ್ಯೆ ಯಾರು ಕಲಿಸಿದರು, ಯಾಕೆ ವಾಪಸು ತೆಗೆದುಕೊಂಡರು, ಗೊತ್ತಿಲ್ಲ. ಪಕ್ಕದ ಸೀಟಿನ ಮನುಷ್ಯನ ಊರು ಯಾವುದೆಂದೂ ಗೊತ್ತಿಲ್ಲ.

ನನ್ನ ಬಲಗೈ ಈಗಲೂ ನಡುಗುತ್ತದೆ. ಗಂಗವ್ವ ಆ ಹಾಸನ್ನು ನೇಯ್ದು ಮುಗಿಸಿ, ಅದರ ತುದಿಗೆ ಮುಂದಿನ ಹಾಸನ್ನು ತಾನೇ ಕೆಚ್ಚಿಕೊಂಡಳು. ಈರಪ್ಪನ ಹಿಟ್ಟಿನ ಗಿರಣಿ ಬಸ್ ಸ್ಟ್ಯಾಂಡಿನ ಹತ್ತಿರ ಇದೆ. ಕುಣಿ ಮುಚ್ಚಿಲ್ಲ.